ರೊಟ್ಟಿ ಅಕ್ಕ ತೋರಿಸಿದ್ದು

ಅವರ ಬಲ ಅಂಗೈ ಎಡಗೈಗಿಂತ ಅಗಲವಾಗಿ, ಸದಾ ಕೆಂಪಾಗಿ ಇರುತ್ತಿತ್ತು. ದಿನಕ್ಕೆ ನೂರು ಜೋಳದ ರೊಟ್ಟಿ ಬಡಿದರೆ ಯಾರ ಕೈಯಾದರೂ ಹಾಗೆಯೇ ಆದೀತು. ಮುಂಬಯಿಯ ದಹಿಸರಿನಲ್ಲಿರುವ ನಮ್ಮ ಬಿಲ್ಡಿಂಗಿನ ಮಂದಿಗೆಲ್ಲ ಅವರು ರೊಟ್ಟಿ ಅಕ್ಕ. ವಿಜಯಪುರದ ಕಡೆಯವರು, ಗಂಡನಿಲ್ಲ, ನೆಲಮಹಡಿಯ ಒಂದು ಖೋಲಿಯಲ್ಲಿ ಒಬ್ಬರೇ. ಬೆಳಗಿನ ಲೋಕಲ್ ಹಿಡಿಯುವ ನಮ್ಮಂಥವರ ಡಬ್ಬಿಗಳೆಲ್ಲ ತುಂಬುತ್ತಿದ್ದದ್ದು ಅವರಿಂದಲೇ. ಮುರಿದ ರೊಟ್ಟಿ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. "ಮುರದದ್ದು ನನಗ, ಇಡೀದು ನಿಮಗ" ಎನ್ನುತ್ತಿದ್ದರು.

ನಮ್ಮ ಅವ್ವನಿಗೆ ಎಪ್ಪತ್ತೆರಡು. ಮಡಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೋಟೆಲಿನ ಚಹಾ ಕೂಡ ಮುಟ್ಟದವಳು, ಹೊರಗಿನದೆಂದು ತಿನ್ನುತ್ತಿದ್ದದ್ದು ರೊಟ್ಟಿ ಅಕ್ಕನ ಕೈಯದನ್ನು ಮಾತ್ರ. ಕಳೆದ ವರ್ಷ ಅವ್ವನಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡಿದರೆ ಉಳಿಯುತ್ತಾರೆ, ಆದರೆ ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಅಂಟಿಸಬೇಕು, ಅದು ಕೊನೆತನಕ ಇರುತ್ತದೆ ಎಂದರು ಡಾಕ್ಟರು. ಅವ್ವ ಎದ್ದು ಹೊರಗೆ ಬಂದುಬಿಟ್ಟಳು.

"ಹೊಲಸು ಹೊಟ್ಟಿಗೆ ಕಟಗೊಂಡು ದೇವರ ಮುಂದ ಹೆಂಗ ಕುಂದ್ರಲಿ? ಒಲಿ ಹೆಂಗ ಮುಟ್ಟಲಿ? ಸತ್ರೂ ಅಡ್ಡಿಯಿಲ್ಲ, ಇದು ಆಗಂಗಿಲ್ಲ."

ಎರಡು ವಾರ ನಾನು ಅತ್ತೆ, ಬೈದೆ, ಕೆಲಸಕ್ಕೆ ರಜೆ ಹಾಕಿ ಅವಳ ಪಕ್ಕದಲ್ಲೇ ಕೂತೆ. ತಡ ಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಎಚ್ಚರಿಸಿದರು. ಅವ್ವ ಜಪ್ಪಯ್ಯ ಎನ್ನಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿ ಕೊಡಲು ಬಂದ ಅಕ್ಕನೆದುರು ಎಲ್ಲ ಹೇಳಿ ಬಿಕ್ಕಿದೆ. ಅವರು ಒಳಗೆ ಬಂದು ಬಾಗಿಲು ಹಾಕಿದರು. ಅವ್ವನ ಮುಂದೆ ನಿಂತು, ಸೆರಗು ಸರಿಸಿ ನೆರಿಗೆ ಸಡಿಲಿಸಿ ಹೊಟ್ಟೆ ತೋರಿಸಿದರು. ಹೊಕ್ಕುಳಿನ ಎಡಬದಿಗೆ ಒಂದು ಚೀಲ ಅಂಟಿಕೊಂಡಿತ್ತು.

"ಹತ್ತು ವರ್ಷ ಆತ್ರಿ ಅವ್ವಾರ. ನಿಮಗ ಬಂದದ್ದ ನನಗೂ ಬಂದಿತ್ತು. ಇದನ್ನ ಕಟಗೊಂಡ ನಿಮಗ ರೊಟ್ಟಿ ಬಡದೀನಿ. ಒಂದ ದಿನಾರ ವಾಸನಿ ಬಂತೇನು, ಹೇಳ್ರಿ?"

ಮಡಿ ಕೆಟ್ಟಿತೆಂದು ಅವ್ವ ಕೂಗಾಡುತ್ತಾಳೇನೋ ಎಂದುಕೊಂಡೆ. ಅವಳು ಮುಂದೆ ಬಾಗಿ ಆ ಚೀಲವನ್ನು ನೋಡಿದಳು.

"ನೋಯತೈತೇನವಾ?"

"ಇಲ್ರಿ. ಮೊದಲ ಒಂದೆರಡ ತಿಂಗಳ ಅಳು ಬರತೈತಿ. ಆಮ್ಯಾಲ ಹಲ್ಲು ತಿಕ್ಕಿದಂಗ ಅದೂ ಒಂದ ಕೆಲಸ."

ಮರುದಿನ ಅವ್ವ ಆಪರೇಷನ್ನಿಗೆ ಒಪ್ಪಿದಳು. ಮನೆಗೆ ಬಂದ ಮೇಲೆ ಚೀಲ ಬದಲಿಸುವುದನ್ನು ನನಗೆ ಕಲಿಸಿದವರೂ ಅಕ್ಕನೇ. ಮೊದಲ ದಿನ ನಾನು ಮೂಗಿಗೆ ಸೆರಗು ಹಿಡಿದಾಗ, "ನಿನ್ನ ತೊಳಿಯುವಾಗ ಆಕಿ ಮೂಗ ಮುಚ್ಚಿದ್ದಳೇನ?" ಎಂದು ಗದರಿದರು. ನಾನು ನಾಚಿ ಸೆರಗು ಬಿಟ್ಟೆ.

ಇಷ್ಟು ಮಾಡಿದವರಿಗೆ ನಾನು ಮಾಡಿದ್ದೇನು? ಸಂತೋಷ ತಾಳಲಾರದೆ, ಮೂರನೆಯ ಮಹಡಿಯ ಗೆಳತಿಯೆದುರು ಅಕ್ಕನನ್ನು ಹೊಗಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ವಾರದೊಳಗೆ ಆರು ಮನೆಯವರು ಇನ್ನು ರೊಟ್ಟಿ ಬೇಡ ಎಂದರು. ಹತ್ತು ವರ್ಷ ಅವರು ಬಾಯಿ ಹೊಲಿದುಕೊಂಡದ್ದು ಏಕೆಂದು ನನ್ನ ಮಂದ ತಲೆಗೆ ಆಗ ಹೊಳೆಯಿತು. ಅವ್ವನ ಮುಂದೆ ನೆರಿಗೆ ಸಡಿಲಿಸುವಾಗ ಅವರಿಗೆ ಅದೆಲ್ಲ ಗೊತ್ತೇ ಇತ್ತು.

ಸುದ್ದಿ ಕೇಳಿದ ಅವ್ವ ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನದಿಂದ, ಸ್ಟೇಷನ್ನಿಗೆ ಹೋಗುವವರೆಲ್ಲ ಕಾಣುವಂತೆ ಅಕ್ಕನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ರೊಟ್ಟಿ ತಿನ್ನತೊಡಗಿದಳು. ನೋಡಿ ನೋಡಿ ಎರಡು ಮನೆಯವರು ಮರಳಿ ಬಂದರು. ಉಳಿದವರು ಇಂದಿಗೂ ಬಂದಿಲ್ಲ.

ಕ್ಷಮೆ ಕೇಳುವ ಧೈರ್ಯ ನನಗೆ ಬಂದದ್ದು ತಿಂಗಳಾದ ಮೇಲೆ. ಹೋಗಿ ಕಾಲು ಹಿಡಿದೆ. ಅಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಏಳ ಮ್ಯಾಲ. ಹೋದದ್ದು ನಾಕ ಮನಿ. ನಿಮ್ಮವ್ವ ಉಳದಾಳಲ್ಲ."