ಕೆಂಪು ಶುಂಠಿ ಹೂವಿನ ಕಡೆಗೆ ನಡೆದ ಕೂಸು

ನಮ್ಮ ಮೊಮ್ಮಗಳು ನಡೆದುಬಿಟ್ಟಳು. ಇದನ್ನ ಮೊದಲು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ಎರಡು ವರ್ಷ ತುಂಬಿದರೂ ಕೂತಲ್ಲೇ ಕೂತಿರುತ್ತಿದ್ದ ಕೂಸು ಅದು. ಕಂಡೋರೆಲ್ಲ ಒಂದೊಂದು ಮಾತಾಡಿದ್ದರು.

ಮನೆ ಮುಂದೆ ಹೂವಿನ ಶುಂಠಿ ಐತೆ. ತಿನ್ನೋದಲ್ಲ, ಆಳೆತ್ತರ ಬೆಳೆದು ತುದಿಯಲ್ಲಿ ಕೆಂಪು ತೆನೆ ಬಿಡುವಂಥದ್ದು. ಸೊಸೆ ಅರಕಲಗೂಡಿನ ತವರಿಂದ ಗೆಡ್ಡೆ ತಂದು ನೆಟ್ಟಿದ್ದು. ಅವಳ ಅವ್ವ ತೀರಿಕೊಂಡಳು, ಆ ಮನೆ ಬೇರೆಯವರದಾಯಿತು, ಹಿತ್ತಲಿಗೆ ಸಿಮೆಂಟು ಬಿತ್ತು. ಅವ್ವ ಕೈಯಾರೆ ನೆಟ್ಟ ಗಿಡ ಅಂತ ಉಳಿದಿದ್ದು ಇದೊಂದೇ ಪೊದೆ.

ಈ ಮಳೆಗಾಲ ಪಕ್ಕದ ಶುಂಠಿ ಹೊಲಕ್ಕೆ ಕೊಳೆ ರೋಗ ಬಿತ್ತು. ಮೇಲಿನ ಮೂಲೆಯಲ್ಲಿ ನಾಕು ಗಿಡ ಹಳದಿಯಾದವು. ಆಮೇಲೆ ನೀರು ಇಳಿದ ಕಡೆಗೆಲ್ಲ ಹಳದಿ ಇಳೀತು. ಕಿತ್ತರೆ ಗೆಡ್ಡೆ ಬೆರಳಲ್ಲೇ ಕರಗೋದು. ಗಾಳಿ ಇತ್ತ ತಿರುಗಿದರೆ ಆ ನಾತಕ್ಕೆ ಊಟ ಸೇರುತ್ತಿರಲಿಲ್ಲ. ಶುಂಠಿ ಜಾತಿಗೆಲ್ಲ ಅಂಟುತ್ತೆ ಅದು, ಹೂವಿನದಕ್ಕೂ. ಬರೋದು ಕಾಲಿನ ಕೆಸರಲ್ಲಿ. ಅದಕ್ಕೇ ಗೇಟಿನ ಹತ್ತಿರ ಸುಣ್ಣದ ನೀರಿನ ಟಬ್ಬು ಇಟ್ಟೆ. ನೆಂಟರಾದರೂ ಕಾಲು ಅದ್ದಿಯೇ ಒಳಕ್ಕೆ. ನಮ್ಮೋಳು, ಕೂಸಿನ ಅಜ್ಜಿ, ಗೇಟಿಗೊಂದು ಗಂಟೆನೂ ಕಟ್ಟಿ ಪೂಜಾರಿ ಆಗ್ಬುಡಿ ಅಂತ ಆಡಿಕೊಂಡಳು. ಹೊಲಕ್ಕೂ ನಮ್ಮ ಅಂಗಳಕ್ಕೂ ನಡುವಿನ ಮೋಟು ಬದುವಿನ ಕಡೆಯಿಂದ ಯಾರು ಬಂದಾರು ಅಂತ ಅಲ್ಲಿ ಮಾತ್ರ ಏನೂ ಇಡಲಿಲ್ಲ.

ಅವತ್ತು ಮಳೆ ಬಿಟ್ಟಿತ್ತು. ನಮ್ಮೋಳು ಬದುವಿನ ಮೇಲೆ ಗೋಣಿಚೀಲ ಹಾಸಿ, ಕೂಸನ್ನ ಕೂರಿಸಿ ಹುಲ್ಲು ಕೊಯ್ಯುತ್ತಿದ್ದಳು. ನಾನು ಪೊದೆಯ ಒಣದಂಟು ತೆಗೀತಿದ್ದೆ. ತಲೆ ಎತ್ತಿದರೆ ಕೂಸು, ಯಾವಾಗ ಜಾರಿ ಇಳೀತೋ, ಬದುವಿನಾಚೆ, ಕೊಳೆತ ಹೊಲದ ಕೆಸರಲ್ಲಿ, ನಿಂತೈತೆ! ಕಣ್ಣೆಲ್ಲ ಕೆಂಪು ಹೂವಿನ ಮೇಲೆ.

ಒಂದು ಹೆಜ್ಜೆ ಇಟ್ಟಿತು. ಕೂಗಿದರೆ ಬೆಚ್ಚಿ ಕೂತುಬಿಡುತ್ತೆ, ಮತ್ತೆ ಯಾವಾಗ ಏಳುತ್ತೋ. ಕೂಗದಿದ್ದರೆ ಆ ಕೆಸರು ಪೊದೆಯ ಬುಡಕ್ಕೇ ಬರುತ್ತೆ. ಬಾಯಿ ಮುಚ್ಚಿಕೊಂಡೆ. ತೂರಾಡ್ತಾ ತೂರಾಡ್ತಾ ಬದು ದಾಟಿ, ಬೆರಳ ಸಂದಿಗೆಲ್ಲ ಕಪ್ಪು ಕೆಸರು ಮೆತ್ತಿಕೊಂಡು ಬಂತು. ಬಂದು ದಂಟು ಹಿಡಕೊಂಡು ನಕ್ಕಿತು. ಎತ್ತಿಕೊಂಡು ಅಂಗಳ ತುಂಬ ಕುಣಿದೆ, ಈ ವಯಸ್ಸಲ್ಲಿ.

ಸೊಸೆ ಓಡಿ ಬಂದಳು. ಅವಳ ಕಣ್ಣಿಗೆ ಮೊದಲು ಬಿದ್ದಿದ್ದು ನೆಲದ ಮೇಲಿನ ಹೆಜ್ಜೆ.

"ನೋಡ್ತಾ ನಿಂತಿದ್ರಾ ಮಾವ?"

"ಕೂಗಿದ್ರೆ ಕೂತ್ಕಬುಡೋದು ಕಣವ್ವ."

ಅವಳು ಕೂಸನ್ನ ನನ್ನ ಕೈಯಿಂದ ಇಸ್ಕೊಂಡಳು. ಕೂಸಿನ ಆ ಕೆಸರುಗಾಲನ್ನೇ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಇಬ್ಬರೂ ಸೇರಿ ಹೆಜ್ಜೆಯ ಮಣ್ಣು ಕೆರೆದು ತೆಗೆದು ಸುಣ್ಣ ಚೆಲ್ಲಿದೆವು.

ಇವತ್ತು ಬೆಳಿಗ್ಗೆ ಬುಡದ ಒಂದೆಲೆಯ ಅಂಚು ಹಳದಿ ಕಾಣ್ತು. ಹಣ್ಣೆಲೆ ಇದ್ದರೂ ಇರಬಹುದು. ಸೊಸೆಯೂ ನೋಡಿದ್ದಾಳೆ, ಹೇಳಿಲ್ಲ. ನಾನೂ ಹೇಳಿಲ್ಲ. ಕೂಸು ಮಾತ್ರ ತೊಳೆದ ಕಾಲಲ್ಲಿ ಮತ್ತೆ ಅದರ ಕಡೆಗೇ ಹೊರಟೈತೆ. ನಡೀಲಿ.