‘ಹಾ’ ಎನ್ನದ ಚರ್ಮದ ತುಣುಕು

ಬೆಳಗಿನ ಆರು ಗಂಟೆ. ಯಾದಗಿರಿಯ ಚಿಕ್ಕ ಪ್ರಯೋಗಾಲಯವೊಂದರಲ್ಲಿ ಸುಮಂಗಲಾ, ಮೇಣದಲ್ಲಿ ಹುದುಗಿಸಿದ ರೋಗಿಯ ಚರ್ಮದ ಚೂರನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸುತ್ತಿದ್ದಾರೆ. ಕೂದಲಿಗಿಂತ ತೆಳುವಾದ ಪದರಗಳು ಬರುತ್ತವೆ. ಅವನ್ನು ಬೆಚ್ಚನೆಯ ನೀರಿನಲ್ಲಿ ತೇಲಿಬಿಟ್ಟು ಗಾಜಿನ ಪಟ್ಟಿಗೆ ಹತ್ತಿಸಬೇಕು. ಫ್ಯಾನ್ ಹಾಕಿದರೆ ಪದರ ಹಾರುತ್ತದೆ, ಬಿಸಿಲೇರಿದರೆ ಮೇಣ ಮೆತ್ತಗಾಗುತ್ತದೆ. ಹಾಗಾಗಿ ಬೆಳಿಗ್ಗೆಯೇ ಕೆಲಸ.

ಶಹಾಪುರದ ಕಡೆಯ ಶಿರವಾಳದ ಈ ಹೆಣ್ಣುಮಗಳು ಹತ್ತೊಂಬತ್ತು ವರ್ಷಗಳಿಂದ ವಾರಕ್ಕೆ ಹತ್ತು-ಹನ್ನೆರಡು ಚೂರು ಕೊಯ್ಯುತ್ತಾರೆ. ಕುಷ್ಠರೋಗ ಯಾವ ಬಗೆಯದು, ಔಷಧಿ ಆರು ತಿಂಗಳೋ ವರ್ಷವೋ ಎಂದು ವೈದ್ಯರು ನಿರ್ಧರಿಸುವುದು ಎರಡನ್ನು ಎದುರಿಗಿಟ್ಟುಕೊಂಡು: ಒಂದು ಸುಮಂಗಲಾರ ಗಾಜು, ಇನ್ನೊಂದು ಲಾಲಪ್ಪನ ಚೀಟಿ.

ಸುರಪುರದ ಲಾಲಪ್ಪ ಊರೂರು ತಿರುಗಿ ಮೈಮೇಲಿನ ಮಚ್ಚೆ ಎಣಿಸುವ, ಪೆನ್ನಿನ ತುದಿ ತಾಗಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಆರೋಗ್ಯ ಕಾರ್ಯಕರ್ತ. ಗುಣವಾದವರು ಸಜ್ಜೆ ರೊಟ್ಟಿಯ ಗಂಟು ತರುವುದು ಅವರಿಗೇ. ದುಡಿದವರು ಇಬ್ಬರು, ಹೊಗಳಿಕೆ ಒಬ್ಬರಿಗೆ! “ಸುಳ್ಳ್ಯಾಕ ಹೇಳ್ಲಿ? ಹೊಟ್ಟಿಕಿಚ್ಚ ಐತ್ರಿ. ಅಂವಗ ಮಂದಿ ಸಿಗ್ತಾರ, ನನಗ ಬರೇ ಚೂರಿನ ಮ್ಯಾಲಿನ ನಂಬರ್ ಸಿಗ್ತಾವ,” ಎನ್ನುತ್ತಾರೆ ಸುಮಂಗಲಾ.

ಹೋದ ವರ್ಷ ಕೊಂಕಲ್‌ನ ಸಾಯಬಮ್ಮನ ಚೀಟಿಯಲ್ಲಿ ಲಾಲಪ್ಪ ‘ಮಚ್ಚೆ ನಾಲ್ಕು’ ಎಂದು ಬರೆದಿದ್ದರು. ಮಚ್ಚೆ ಐದು ಮೀರದಿದ್ದರೆ ರೋಗಾಣು ಕಡಿಮೆಯಿರುವ ಬಗೆ, ಆರು ತಿಂಗಳ ಮಾತ್ರೆ. ಮೊದಲ ಗಾಜಿನಲ್ಲೂ ರೋಗಾಣು ಕಾಣಲಿಲ್ಲ. ಅಲ್ಲಿಗೆ ಬಿಡಬಹುದಿತ್ತು.

“ಅಂವ ಒಮ್ಮಿಯರ ತಪ್ಪಲಿ ಅಂತ ಮತ್ತ ಕೊಯ್ದೆ. ದೇವರಾಣಿ, ಆಕಿ ಸಲುವಾಗಿ ಅಲ್ಲ.”

ಅದೇ ಚೂರಿನ ಆಳಕ್ಕಿಳಿದು ಇನ್ನೂ ಮೂವತ್ತು ಪದರ ಕೊಯ್ದರು. ಬಣ್ಣ ಹಾಕಿದಾಗ ನೀಲಿಯ ನಡುವೆ ಕೆಂಪು ಕಡ್ಡಿಗಳಂಥ ರೋಗಾಣುಗಳು, ನರದ ಸುತ್ತ ಗುಂಪುಗುಂಪಾಗಿ. ಲಾಲಪ್ಪ ಮತ್ತೆ ಹೋಗಿ ನೋಡಿದರೆ, ಸಾಯಬಮ್ಮ ನಾಚಿಕೊಂಡು ತೋರಿಸದೆ ಬಿಟ್ಟಿದ್ದ ಇನ್ನೂ ಮೂರು ಮಚ್ಚೆ ಬೆನ್ನ ಮೇಲಿದ್ದವು. ವೈದ್ಯರು ವರ್ಷದ ಔಷಧಿ ಬರೆದರು. “ಮೊದಲ ಕುಣಿಯೂವಷ್ಟು ಖುಷಿ ಆತು. ಆಮ್ಯಾಲ ನನಗ ನನ್ನ ಮ್ಯಾಲೇ ಹೇಸಿಕಿ ಬಂತ್ರಿ.”

ಮೊನ್ನೆ ಔಷಧಿ ಮುಗಿಸಿದ ಸಾಯಬಮ್ಮ ಗಂಟು ಹಿಡಿದು ಬಂದಿದ್ದರು. ಹೊರಗೆ ನಿಂತ ಲಾಲಪ್ಪನಿಗೆ ಹೇಳಿದ್ದು ಒಳಗಿದ್ದ ಸುಮಂಗಲಾರಿಗೆ ಕಿಟಕಿಯಲ್ಲಿ ಕೇಳಿಸಿತು: “ಅಣ್ಣಾ, ರೊಟ್ಟಿ ಬೇಯಿಸೂ ಮುಂದ ಹಂಚ ತಾಗಿ ಕೈ ಚುರ್ ಅಂತ್ರಿ! ‘ಹಾ’ ಅಂತ ಚೀರಿದೆ! ಮೊದಲ ಸುಟ್ರೂ ತಿಳೀತಿರಲಿಲ್ಲ, ಈಗ ಸುಟ್ಟದ್ದು ಗೊತ್ತಾತು!”

ಸಾಯಬಮ್ಮ ಬಸ್ಸಿಗೆ ಹೋದ ಮೇಲೆ ಲಾಲಪ್ಪ ಅರ್ಧ ರೊಟ್ಟಿ ಒಳಗೆ ತಂದಿಟ್ಟರು. “ಅಕ್ಕಾರ, ಇದು ನಿಮ್ಮ ಪಾಲು. ನೀವು ಮತ್ತ ಕೊಯ್ಯದಿದ್ರ ನನ್ನ ತಪ್ಪು ಹಂಗೇ ಉಳೀತಿತ್ತು.”

ತಿಂದಿರಾ ಎಂದರೆ ಸುಮಂಗಲಾ ನಗುತ್ತಾರೆ. “ತಿಂದೆ. ಕಿಚ್ಚ ಆರಲಿಲ್ಲ.” ಯಂತ್ರದ ಹಿಡಿಗೆ ಮತ್ತೆ ಕೈ ಹಾಕುತ್ತಾರೆ. “ಹತ್ತೊಂಬತ್ತು ವರ್ಷದಾಗ ನಾ ಕೊಯ್ದ ಒಂದು ತುಣುಕೂ ‘ಹಾ’ ಅಂದಿಲ್ಲ. ಆಕಿ ಅದನ್ನ ಒಳಗ ಬಂದು ನನ್ನ ಮುಂದ ಹೇಳಬೇಕಿತ್ರಿ.”