ಸಣ್ಣವ್ವ ಹಚ್ಚಿದ ದೀಪ

ಹರಳೆಣ್ಣೆಯ ಬತ್ತಿ ಆರಿದಾಗ ಏಳುವ ಕಮಟು ಹೊಗೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನ್ನ ತಲೆ ತಾನಾಗಿ ತಗ್ಗುತ್ತದೆ. ವಾಸನೆಗೆ ನಾಚುವವರೂ ಉಂಟೇ ಎಂದು ನೀವು ನಗಬಹುದು, ನಗಿರಿ. ಸೊಲ್ಲಾಪುರದ ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆಯಿತ್ತು; ಇಂದು ಅದರ ಒಂದು ಗೋಡೆಯೂ ಉಳಿದಿಲ್ಲ. ಪಾಳಿ ಮುಗಿದು ಗಿರಣಿಯ ಭೋಂಗಾ ಕೂಗಿದ ಮೇಲೆ ಅಪ್ಪ ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬರುತ್ತಿದ್ದ, ಅವ್ವ ಬಾಗಿಲಲ್ಲೇ ನಿಲ್ಲಿಸಿ ಕೊಡವುತ್ತಿದ್ದಳು. ಅಪ್ಪನ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ರಾಹೇಲ, ನಮ್ಮ ಸಣ್ಣವ್ವ, ನಮ್ಮಲ್ಲೇ ಇದ್ದಳು. ಭಾನುವಾರ ಚರ್ಚು ಮುಗಿದ ಮೇಲೆ ಓಣಿಯ ಹತ್ತು ಹನ್ನೆರಡು ಎಳೆಯರನ್ನು ಪಡಸಾಲೆಯ ಚಾಪೆಯ ಮೇಲೆ ಕೂರಿಸಿ ಪ್ರಾರ್ಥನೆ ಮಾಡುವುದನ್ನು ಕಲಿಸುತ್ತಿದ್ದಳು. ಮಕ್ಕಳಿಲ್ಲದ ಆ ವಿಧವೆಗೆ ಆ ಚಾಪೆಯೇ ಸಂಸಾರ.

ಚರ್ಚಿನಲ್ಲಿ ಎಲ್ಲವೂ ಮರಾಠಿ, ನಮ್ಮ ಮನೆಮಾತು ಕನ್ನಡ. ಸಣ್ಣವ್ವ ಮಾತ್ರ, “ಮನ್ಯಾಗ ಅವ್ವನ ಜೋಡಿ ಹ್ಯಾಂಗ ಮಾತಾಡ್ತೀರಿ, ಹಂಗ ಮಾತಾಡ್ರಿ. ದೇವರ ಮುಂದ ಏನೂ ಮುಚ್ಚಿಡಬ್ಯಾಡ್ರಿ” ಎನ್ನುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿ ಕೈ ಕೈ ಹಿಡಿದು ಕೂರಬೇಕು. ಒಬ್ಬರು ಹೇಳಿ ಮುಗಿಸಿ ಪಕ್ಕದವರ ಕೈ ಒತ್ತಿದರೆ ಮುಂದಿನ ಸರದಿ ಅವರದು. ಹನ್ನೊಂದು ವರ್ಷದ ನಾನು ಮಹಾ ಜಾಣೆ. ಪಾದ್ರಿಯವರ ಮರಾಠಿಯನ್ನು ಬಾಯಿಪಾಠ ಮಾಡಿ ಗಡಗಡ ಒಪ್ಪಿಸುತ್ತಿದ್ದೆ. ಸಣ್ಣವ್ವ ಬಣ್ಣದ ಚಿತ್ರದ ಕಾರ್ಡು ಕೊಟ್ಟಿದ್ದು ಮಾತ್ರ, “ನಮ್ಮ ಆಡಿನ ಕಾಲು ನೋಯಾಕತ್ತದ, ನೋಡಪಾ ದೇವರ” ಎಂದು ತೊದಲಿದ ಪಕ್ಕದ ಮನೆಯ ಮಾರ್ಥಾಳಿಗೆ. ನನ್ನ ಹೊಟ್ಟೆ ಉರಿದುಹೋಯಿತು.

ಸಣ್ಣವ್ವ ತಿಂಗಳಿಗೊಮ್ಮೆ ಅಕ್ಕಲಕೋಟೆಗೆ ತನ್ನ ತಾಯಿಯನ್ನು ನೋಡಲು ಹೋಗುತ್ತಿದ್ದಳು. ಆ ಸಲ ನನ್ನನ್ನೂ ಕರೆದೊಯ್ದಳು. ಮುದುಕಿಗೆ ಎರಡೂ ಕಣ್ಣಿಲ್ಲ, ಮತ ಬದಲಿಸಿದವಳೂ ಅಲ್ಲ. ಸಂಜೆಯಾಗುತ್ತಲೇ, “ದೇವರಿಗೆ ದೀಪ ಹಚ್ಚಿದೇನ ಮಗಳ?” ಎಂದಳು. ಸಣ್ಣವ್ವ ಗೂಡಿನಿಂದ ಎಣ್ಣೆಯ ಕುಡಿಕೆ ಇಳಿಸಿಕೊಂಡಳು. ಆಮೇಲೆ ದೇವರ ಜಗುಲಿಯ ಕಲ್ಲಿನ ಮೂರ್ತಿಯ ಮುಂದಿನ ಹಣತೆಗೆ ಹರಳೆಣ್ಣೆ ಸುರಿದು ಬತ್ತಿ ಹಚ್ಚಿದಳು. ಮುದುಕಿ ಅದರ ಕಾವಿಗೆ ಅಂಗೈಯೊಡ್ಡಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಸಣ್ಣವ್ವ ನನ್ನತ್ತ ನೋಡಿದಳು; ಯಾರಿಗೂ ಹೇಳಬೇಡ ಎನ್ನಲಿಲ್ಲ.

ಮುಂದಿನ ಭಾನುವಾರ ನಮ್ಮ ಪ್ರಾರ್ಥನೆ ಕೇಳಲು ಪಾದ್ರಿಯವರೇ ಬಂದು ಕುರ್ಚಿಯಲ್ಲಿ ಕೂತರು. ಕೈ ಒತ್ತುತ್ತ ಒತ್ತುತ್ತ ಸರದಿ ನನ್ನವರೆಗೆ ಬಂತು. ಅಂದು ನಾನು ಮರಾಠಿ ಬಿಟ್ಟೆ. “ಪ್ರಭೂ, ನಮ್ಮ ಸಣ್ಣವ್ವನ್ನ ಕ್ಷಮಾ ಮಾಡು. ಆಕಿ ಅಕ್ಕಲಕೋಟ್ಯಾಗ ಕಲ್ಲಿನ ದೇವರಿಗೆ ದೀಪ ಹಚ್ಚ್ಯಾಳ,” ಎಂದೆ. ಪಾದ್ರಿಯವರು ಕೇಳಿದರೋ ಇಲ್ಲವೋ ಎಂದು ಅರೆಗಣ್ಣು ತೆರೆದು ನೋಡಿದ್ದೂ ನೆನಪಿದೆ. ಪಕ್ಕದಲ್ಲಿ ಕೂತಿದ್ದವಳು ಸಣ್ಣವ್ವನೇ. ಅವಳ ಕೈ ಒತ್ತಿದೆ. ಅವಳು “ಆಮೆನ್” ಎಂದಷ್ಟೇ ಹೇಳಿದಳು.

ಮರುವಾರದಿಂದ ಮಕ್ಕಳು ಪಾದ್ರಿಯವರ ಮನೆಗೆ ಹೋಗಬೇಕೆಂದಾಯಿತು. ಸುತ್ತಿಟ್ಟ ಚಾಪೆ ಗೋಡೆಗೆ ಒರಗಿಕೊಂಡೇ ಇತ್ತು. ಸಣ್ಣವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ತಾಯಿಯ ಬಳಿಗೆ ಹೊರಟಾಗ ನಾನು ಸೆರಗು ಹಿಡಿದು ಅತ್ತೆ. ಅವಳು ನನ್ನ ಕಣ್ಣೊರೆಸಿ, “ನೀ ಸುಳ್ಳ ಹೇಳಿಲ್ಲ ಕೂಸ. ಆದ್ರ ಅದನ್ನ ನೀ ದೇವರಿಗೆ ಹೇಳಲಿಲ್ಲ,” ಎಂದಳು. ಮತ್ತೆ ಆ ಮನೆಗೆ ಅವಳು ಬರಲಿಲ್ಲ.

ಆ ಚಾಪೆಯ ಮೇಲೆ ಕೂತವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಹಿರಿಯಳೆಂದು ಚರ್ಚಿನ ಮಕ್ಕಳು ತಮ್ಮ ನಡುವೆ ಕೂರಿಸಿಕೊಂಡು, “ಅಜ್ಜಿ, ನೀವ ಪ್ರಾರ್ಥನಾ ಮಾಡ್ರಿ” ಎನ್ನುತ್ತಾರೆ. ನನಗೆ ಬಾಯಿ ಬರುವುದಿಲ್ಲ. ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಕೂತು, ಪಕ್ಕದ ಮಗುವಿನ ಕೈ ಮೆಲ್ಲಗೆ ಒತ್ತುತ್ತೇನೆ. ಅಜ್ಜಿಯದು ಎಂಥ ಭಕ್ತಿ ಎಂದು ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ.